ಹಳೇ ಟಗ್‌ಬೋಟಿನ ಜಾತಕ ತೆಗೆಯುವುದು ಹೇಗೆ? 146ನೇ ನಂಬರ್ ಇಟ್ಟುಕೊಂಡು ನೋಡೋಣ

ದೊಡ್ಡ ಯುದ್ಧನೌಕೆಯ ಚರಿತ್ರೆ ಬೇಕೆಂದರೆ ಏನೂ ಕಷ್ಟವಿಲ್ಲ. ಹೆಸರು ಟೈಪ್ ಮಾಡಿದರೆ ಸಾಕು, ನೀರಿಗಿಳಿದ ದಿನದಿಂದ ಗುಜರಿಗೆ ಹೋದ ದಿನದವರೆಗೆ ಎಲ್ಲ ಸಿಗುತ್ತದೆ. ಅದೇ ನೌಕೆಯನ್ನು ಬಂದರಿನೊಳಗೆ ತಳ್ಳಿ, ಎಳೆದು, ದಡಕ್ಕೆ ತಂದು ನಿಲ್ಲಿಸಿದ ಟಗ್‌ಬೋಟಿನ ಚರಿತ್ರೆ ಹುಡುಕಿ ನೋಡಿ, ನಾಲ್ಕು ಸಾಲು ಸಿಕ್ಕರೆ ಪುಣ್ಯ. ನಮ್ಮೂರ ತೇರಿನಲ್ಲಿ ಚಕ್ರಕ್ಕೆ ಸನ್ನೆ ಹಾಕುವವರು ಇರುತ್ತಾರಲ್ಲ, ಹಾಗೆ. ಅವರಿಲ್ಲದೆ ತೇರು ತಿರುಗುವುದಿಲ್ಲ, ಆದರೆ ಫೋಟೋದಲ್ಲಿ ಅವರ ಬೆನ್ನು ಮಾತ್ರ ಕಾಣುತ್ತದೆ.

ನನಗೆ ಈ ಹುಚ್ಚು ಹತ್ತಿದ್ದು ಒಂದೇ ಒಂದು ಟಗ್‌ನಿಂದ. ಅಮೆರಿಕ ನೌಕಾಪಡೆಯ ಹೋಗಾ. 1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ದಾಳಿ ಮಾಡಿದಾಗ ಅಲ್ಲೇ ಇದ್ದ ಟಗ್ ಅದು, ಇವತ್ತಿಗೂ ಉಳಿದಿದೆ. ಹೋಗಾ ಅಂದರೆ ಸೂ ಬುಡಕಟ್ಟಿನವರ ಭಾಷೆಯಲ್ಲಿ ಮೀನು ಅಂತೆ. ನಮ್ಮ ಕಿವಿಗೆ ಮಾತ್ರ ಹೊಗೆ ಅಂತಲೇ ಕೇಳುತ್ತದೆ, ಅಲ್ವಾ? ಅದು ಬಾಳಿನುದ್ದಕ್ಕೂ ಮಾಡಿದ ಕೆಲಸ ನೋಡಿದರೆ ನಮ್ಮ ಕಿವಿಯೇ ಸರಿ ಅನಿಸುತ್ತದೆ.

ಈ ಬರಹ ಹೋಗಾದ ಕಥೆ ಹೇಳಲಿಕ್ಕಲ್ಲ, ಅಂಥ ಕಥೆಯನ್ನು ನೀವೇ ಹೇಗೆ ಹುಡುಕಿ ತೆಗೆಯಬಹುದು ಅಂತ ಹೇಳಲಿಕ್ಕೆ. ಉದಾಹರಣೆಗೆ ಹೋಗಾವನ್ನೇ ಹಿಡಿದುಕೊಂಡಿದ್ದೇನೆ, ಹಾಗಾಗಿ ಅದರ ಕಥೆಯೂ ಹೇಗೋ ಬಂದೇ ಬರುತ್ತದೆ.

ಹೆಸರು ಬಿಡಿ, ನಂಬರ್ ಹಿಡಿಯಿರಿ

ಮೊದಲ ಕೆಲಸ ಇದು. ಟಗ್‌ಗಳ ಹೆಸರನ್ನು ನಂಬಬೇಡಿ. ಎಷ್ಟೋ ಟಗ್‌ಗಳಿಗೆ ಹೆಸರೇ ಇರಲಿಲ್ಲ, ಬರೀ ನಂಬರ್. ಹೆಸರಿದ್ದವೂ ಕೈ ಬದಲಾದಾಗ ಹೆಸರು ಬದಲಿಸಿಕೊಂಡವು. ನಾನು ಶುರುವಿನಲ್ಲಿ ಸುಮ್ನೆ ಹೋಗಾ ಹೋಗಾ ಅಂತ ಹುಡುಕುತ್ತಾ ಒಂದು ವಾರ ಹಾಳು ಮಾಡಿಕೊಂಡೆ, 1948ರ ಆಚೆಗೆ ಏನೂ ಸಿಗುತ್ತಿರಲಿಲ್ಲ. ಕಾರಣ ಇಷ್ಟೇ: ಆ ವರ್ಷದಿಂದ ಅದರ ಹೆಸರು ಬೇರೆಯೇ ಆಗಿತ್ತು.

ಅಮೆರಿಕ ನೌಕಾಪಡೆಯಲ್ಲಿ ಬಂದರಿನೊಳಗೇ ದುಡಿಯುವ ದೋಣಿಗಳಿಗೆಲ್ಲ ವೈ ಅಕ್ಷರ. ವೈ ಅಂದರೆ ಯಾರ್ಡ್, ಟಿ ಅಂದರೆ ಟಗ್. ಹಾಗಾಗಿ ಹೋಗಾ ಹುಟ್ಟುವಾಗ ವೈಟಿ-146. 1944ರಲ್ಲಿ ಟಗ್‌ಗಳನ್ನು ಗಾತ್ರದ ಲೆಕ್ಕದಲ್ಲಿ ಮೂರು ಪಾಲು ಮಾಡಿದರು: ದೊಡ್ಡದು ವೈಟಿಬಿ, ಮಧ್ಯಮ ವೈಟಿಎಂ, ಚಿಕ್ಕದು ವೈಟಿಎಲ್. ಹೋಗಾ ದೊಡ್ಡದರ ಸಾಲಿಗೆ ಸೇರಿ ಆ ವರ್ಷದ ಮೇ 15ರಿಂದ ವೈಟಿಬಿ-146 ಆಯಿತು. ಇಲ್ಲೊಂದು ಒಳ್ಳೆಯ ವಿಷಯ ಇದೆ. ಅಕ್ಷರ ಬದಲಾದರೂ ನಂಬರ್ ಬದಲಾಗಲಿಲ್ಲ. ಹಾಗಾಗಿ 146 ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದೆ ಬೇರೆ ಬೇರೆ ಅಕ್ಷರ ಹಾಕಿ ಹುಡುಕಿ. ಮಧ್ಯೆ ಗೆರೆ ಇಟ್ಟು ಒಮ್ಮೆ, ಗೆರೆ ಇಲ್ಲದೆ ಒಮ್ಮೆ, ಜಾಗ ಬಿಟ್ಟು ಒಮ್ಮೆ. ಬೇಜಾರಿನ ಕೆಲಸವೇ, ಆದರೆ ಫಲ ಇದೆ.

ಹೆಸರಿನ ಮುಂದೆ ಯುಎಸ್‌ಎಸ್ ಅಂತ ಹಾಕಿ ಹುಡುಕುವ ಅಭ್ಯಾಸವನ್ನೂ ಬಿಡಿ. ಯುಎಸ್‌ಎಸ್ (ಯುನೈಟೆಡ್ ಸ್ಟೇಟ್ಸ್ ಶಿಪ್) ಅನ್ನುವುದು ಕಮಿಷನ್ ಆದ, ಅಂದರೆ ವಿಧಿವತ್ತಾಗಿ ನೌಕಾಪಡೆಗೆ ಸೇರಿಸಿಕೊಂಡ ನೌಕೆಗೆ ಮಾತ್ರ. ಹೋಗಾದಂಥ ಬಂದರು ಟಗ್‌ಗಳನ್ನು ಕಮಿಷನ್ ಮಾಡುತ್ತಿರಲಿಲ್ಲ, ಸೇವೆಗೆ ಹಚ್ಚುತ್ತಿದ್ದರು ಅಷ್ಟೇ. ಇವತ್ತು ಎಲ್ಲ ಕಡೆ ಯುಎಸ್‌ಎಸ್ ಹೋಗಾ ಅಂತಲೇ ಬರೆಯುತ್ತಾರೆ, ಅದು ಪ್ರೀತಿಗೆ ಕೊಟ್ಟ ಬಿರುದು. ಇದು ಬರೀ ತಾಂತ್ರಿಕ ತಕರಾರಲ್ಲ. ಕಮಿಷನ್ ಆದ ನೌಕೆಗೆ ಡೆಕ್ ಲಾಗ್ ಇರುತ್ತದೆ, ಗಂಟೆ ಗಂಟೆಗೂ ಏನಾಯಿತು ಅಂತ ಬರೆದಿಟ್ಟ ಪುಸ್ತಕ, ಅದು ಅಮೆರಿಕದ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ ಸೇರುತ್ತದೆ. ಬಂದರು ಟಗ್‌ನ ದಿನಚರಿ ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಡೆಕ್ ಲಾಗ್ ಸಿಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಹುಟ್ಟಿದ ದಿನಾಂಕ ಮೂರು ಇರುತ್ತವೆ

ಕೀಲ್, ಅಂದರೆ ದೋಣಿಯ ತಳದ ಬೆನ್ನೆಲುಬು ಇಟ್ಟ ದಿನ, ನೀರಿಗೆ ಬಿಟ್ಟ ದಿನ, ಸೇವೆಗೆ ಸೇರಿದ ದಿನ. ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಆನ್‌ಲೈನ್‌ನಲ್ಲಿ ಜನ ಇವನ್ನು ಕಲಸಿ ಮೇಲೋಗರ ಮಾಡಿಟ್ಟಿರುತ್ತಾರೆ. ಹೋಗಾದ ಲೆಕ್ಕ ಹೀಗೆ: ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಮಾರಿಸ್ ಹೈಟ್ಸ್ ಅಂತ ಒಂದು ಜಾಗ, ಅಲ್ಲಿ ಕನ್ಸಾಲಿಡೇಟೆಡ್ ಶಿಪ್‌ಬಿಲ್ಡಿಂಗ್ ಕಾರ್ಪೊರೇಷನ್ ಅನ್ನುವ ಯಾರ್ಡ್. ಕೀಲ್ ಇಟ್ಟಿದ್ದು 1940ರ ಜುಲೈ 25. ನೀರಿಗೆ ಬಿಟ್ಟಿದ್ದು ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31. ಸೇವೆಗೆ ಸೇರಿದ್ದು 1941ರ ಮೇ 22. ಅಂದರೆ ಪರ್ಲ್ ಹಾರ್ಬರ್ ದಾಳಿಯ ಹೊತ್ತಿಗೆ ಅದಕ್ಕೆ ಏಳು ತಿಂಗಳೂ ತುಂಬಿರಲಿಲ್ಲ. ನ್ಯೂಯಾರ್ಕ್‌ನಿಂದ ಹೊರಟು ಪನಾಮಾ ಕಾಲುವೆ ದಾಟಿ ಹವಾಯಿಗೆ ಹೋಗಿತ್ತು. ಉದ್ದ 100 ಅಡಿ, ಅಗಲ ಸುಮಾರು 25 ಅಡಿ, ಡೀಸೆಲ್-ಎಲೆಕ್ಟ್ರಿಕ್. ಅಂದರೆ ಡೀಸೆಲ್ ಎಂಜಿನ್ ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದಿಲ್ಲ, ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನಿಂದ ಮೋಟಾರ್ ತಿರುಗುತ್ತದೆ. ಬಂದರಿನೊಳಗೆ ನಿಮಿಷಕ್ಕೊಮ್ಮೆ ಹಿಂದೆ ಮುಂದೆ ಮಾಡುವ ದೋಣಿಗೆ ಇದು ಬಹಳ ಅನುಕೂಲ.

ಈ ಮಾಹಿತಿ ಎಲ್ಲ ಸಿಗುವ ಮೊದಲ ಜಾಗ ಡ್ಯಾನ್ಫ್ಸ್. ಅಮೆರಿಕ ನೌಕಾಪಡೆಯ ನೌಕೆಗಳ ನಿಘಂಟು ಅದು, 1959ರಿಂದ ಸಂಪುಟ ಸಂಪುಟವಾಗಿ ಬಂತು. ಈಗ ನೇವಲ್ ಹಿಸ್ಟರಿ ಅಂಡ್ ಹೆರಿಟೇಜ್ ಕಮಾಂಡ್‌ನವರ ತಾಣದಲ್ಲಿ ಪುಕ್ಕಟೆ ಓದಬಹುದು. ಎರಡನೆಯದು ನ್ಯಾವ್‌ಸೋರ್ಸ್, ಆಸಕ್ತರು ಸೇರಿ ಕಟ್ಟಿದ ಫೋಟೋ ಕಣಜ. ಒಂದು ಎಚ್ಚರಿಕೆ. ಡ್ಯಾನ್ಫ್ಸ್ ಓದುವಾಗ ಆ ಸಂಪುಟ ಯಾವ ವರ್ಷದ್ದು ಅಂತ ನೋಡಿ. ಎಚ್ ಅಕ್ಷರ ಇರುವ ಸಂಪುಟ 1968ರದ್ದು. ಆಮೇಲೆ ಯಾರೂ ತಿದ್ದಿಲ್ಲದಿದ್ದರೆ ಆ ಬರಹದ ಪ್ರಕಾರ ನಿಮ್ಮ ಟಗ್ ಇನ್ನೂ 1968ರಲ್ಲೇ ಇದೆ.

ಅಸಲಿ ಕೆಲಸ: ಬೇರೆಯವರ ಕಾಗದದಲ್ಲಿ ಹುಡುಕುವುದು

ಈ ಭಾಗ ನಿಧಾನವಾಗಿ ಓದಿ, ಮಿಕ್ಕಿದ್ದು ಮರೆತರೂ ಪರವಾಗಿಲ್ಲ. ಟಗ್‌ನ ಕಥೆ ಟಗ್‌ನ ಹತ್ತಿರ ಇರುವುದಿಲ್ಲ. ಅದು ಯಾರನ್ನು ಎಳೆಯಿತೋ ಅವರ ಕಾಗದದಲ್ಲಿ ಇರುತ್ತದೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅಂತಾರಲ್ಲ, ಹಾಗೆ ದೊಡ್ಡ ಹಡಗಿನ ವರದಿಗೆ ಅಂಟಿಕೊಂಡು ಟಗ್ ಪತ್ರಾಗಾರ ಸೇರಿರುತ್ತದೆ.

ಪರ್ಲ್ ಹಾರ್ಬರ್ ದಾಳಿಯ ಆಮೇಲೆ ಅಲ್ಲಿದ್ದ ಹಡಗುಗಳು ವರದಿ ಕೊಟ್ಟವು. ಅವನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಏನಾಗುತ್ತದೆ ನೋಡಿ.

ವೆಸ್ಟಲ್ ಅಂತ ಒಂದು ರಿಪೇರಿ ಹಡಗು. ಅರಿಜೋನಾ ಯುದ್ಧನೌಕೆಯ ಪಕ್ಕಕ್ಕೇ ಕಟ್ಟಿತ್ತು. ಅರಿಜೋನಾ ಸಿಡಿದಾಗ ವೆಸ್ಟಲ್‌ಗೂ ಬೆಂಕಿ. ಅದರ ವರದಿಯಲ್ಲಿ ಒಂದು ಟಗ್ ಬಂದು ಮೂತಿಯನ್ನು ಅರಿಜೋನಾದಿಂದ ಆಚೆ ಎಳೆಯಿತು ಅಂತ ಇದೆ. ಒಂದು ಟಗ್. ಅಷ್ಟೇ. ಹೆಸರಿಲ್ಲ, ನಂಬರಿಲ್ಲ. ವೆಸ್ಟಲ್‌ನ ಕಮಾಂಡರ್ ಕ್ಯಾಸಿನ್ ಯಂಗ್‌ಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ, ಮೆಡಲ್ ಆಫ್ ಆನರ್ ಬಂತು. ಎಳೆದದ್ದು ಹೋಗಾ ಅಂತ ನಮಗೆ ಗೊತ್ತಾಗುವುದು ಹೋಗಾದ ಕಡೆಯ ದಾಖಲೆಗಳಿಂದ.

ಇನ್ನು ಒಗ್ಲಾಲಾ. ಇದು 1907ರ ಹಳೇ ಪ್ರಯಾಣಿಕರ ಹಡಗು, ಆಮೇಲೆ ಸಮುದ್ರದಲ್ಲಿ ಮೈನ್ ಹಾಕುವ ಹಡಗಾಯಿತು. ಹೆಲೆನಾ ಕ್ರೂಸರ್‌ನ ಪಕ್ಕ ನಿಂತಿತ್ತು. ಒಂದು ಟಾರ್ಪಿಡೊ ಇದರ ಹೊಟ್ಟೆಯ ಕೆಳಗೆ ನುಸುಳಿ ಹೋಗಿ ಹೆಲೆನಾಗೆ ಬಡಿಯಿತು, ಆ ಅದುರಿಗೆ ಇದರ ಹೊಲಿಗೆ ಬಿಟ್ಟುಕೊಂಡಿತು. ಹೆದರಿಯೇ ಮುಳುಗಿತು ಅಂತ ನಾವಿಕರು ಆಮೇಲೆ ನಗಾಡುತ್ತಿದ್ದರು. ಇದು ಮಗುಚಿ ಬಿದ್ದರೆ ಹೆಲೆನಾ ದಡದ ಕಟ್ಟೆಗೆ ಒತ್ತಿಕೊಂಡು ಸಿಕ್ಕಿಕೊಳ್ಳುತ್ತದೆ ಅಂತ ಒಗ್ಲಾಲಾದಲ್ಲೇ ಇದ್ದ ರಿಯರ್ ಅಡ್ಮಿರಲ್ ಫರ್ಲಾಂಗ್ ಟಗ್‌ಗಳನ್ನು ಕರೆದು ಅದನ್ನು ಹಿಂದಕ್ಕೆ ಎಳೆಸಿದರು. ಅವರ ವರದಿಯಲ್ಲಿ ಕಂಟ್ರಾಕ್ಟರ್ ಒಬ್ಬರ ಟಗ್ ಮತ್ತು ಇನ್ನೊಂದು ಟಗ್ ಅಂತ ಬರುತ್ತದೆ. ಹೋಗಾದ ಕಡೆ ಓದಿದರೆ ಹೋಗಾ ಮತ್ತು ಇನ್ನೊಂದು ಟಗ್. ನೋಡಿದ್ರಾ? ಇಬ್ಬರ ಇನ್ನೊಂದೂ ಬೇರೆ ಬೇರೆ. ಎರಡು ಕಾಗದ ಎದುರುಬದುರು ಇಟ್ಟಾಗ ಮಾತ್ರ ಜೋಡಿ ಪೂರ್ತಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಒಗ್ಲಾಲಾ ಮಗುಚಿತು, ಆದರೆ ಹೆಲೆನಾ ಉಳಿಯಿತು.

ಮೂರನೆಯದು ನೆವಾಡಾ. ಆ ಬೆಳಗ್ಗೆ ಬ್ಯಾಟಲ್‌ಶಿಪ್ ರೋ, ಅಂದರೆ ಯುದ್ಧನೌಕೆಗಳು ಸಾಲಾಗಿ ನಿಂತಿದ್ದ ಜಾಗ ಬಿಟ್ಟು ಹೊರಟ ಒಂದೇ ಯುದ್ಧನೌಕೆ. ಬಂದರಿನ ಬಾಯಿಯ ಕಡೆ ಹೋಗುವಾಗ ಎರಡನೇ ಅಲೆಯ ವಿಮಾನಗಳು ಮುತ್ತಿಕೊಂಡವು. ಅಲ್ಲಿ ಮುಳುಗಿದರೆ ಇಡೀ ಬಂದರಿನ ದಾರಿಯೇ ಬಂದ್, ಅದಕ್ಕೇ ಹಾಸ್ಪಿಟಲ್ ಪಾಯಿಂಟ್ ಹತ್ತಿರ ನೆಲಕ್ಕೆ ಹತ್ತಿಸಿದರು. ಹೋಗಾ ಬಂದು, ಇನ್ನೊಂದು ಟಗ್‌ನ ಜೊತೆ ಸೇರಿ ಅದನ್ನು ಬಿಡಿಸಿ, ಕಾಲುವೆಯ ಆಚೆ ವೈಪಿಯೋ ಕಡೆಯ ದಡಕ್ಕೆ ತಳ್ಳಿಕೊಂಡು ಹೋಯಿತು. ಜೊತೆಗೇ ಬೆಂಕಿ ಆರಿಸುವ ಕೆಲಸ. ಸುಮಾರು 29,000 ಟನ್ನಿನ ನೌಕೆಯನ್ನು 100 ಅಡಿಯ ದೋಣಿ ತಳ್ಳುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ನೆವಾಡಾದ ಎಡಬದಿಯ ಮೂತಿಗೆ ಅಂಟಿಕೊಂಡು ಹೋಗಾ ನೀರು ಹೊಡೆಯುತ್ತಿರುವ ಫೋಟೋ ಇದೆ, ನೌಕಾಪಡೆಯ ಸಂಗ್ರಹದ್ದು. ಫೋಟೋದ ಶೀರ್ಷಿಕೆಯಲ್ಲಿ ದೊಡ್ಡದಾಗಿ ನೆವಾಡಾ ಅಂತಲೇ ಇರುತ್ತದೆ. ಹಾಗಾಗಿ ಫೋಟೋ ಹುಡುಕುವಾಗಲೂ ಟಗ್‌ನ ಹೆಸರಲ್ಲ, ದೊಡ್ಡ ಹಡಗಿನ ಹೆಸರು ಹಾಕಿ, ಆಮೇಲೆ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿ. ಮದುವೆ ಆಲ್ಬಂನಲ್ಲಿ ನಮ್ಮ ಚಿಕ್ಕಪ್ಪನನ್ನು ಹುಡುಕಿದ ಹಾಗೆ.

ಅದಾದ ಮೇಲೆ ಹೋಗಾ ಬ್ಯಾಟಲ್‌ಶಿಪ್ ರೋಗೆ ಹಿಂದಿರುಗಿ ಹಗಲು ರಾತ್ರಿ ಎನ್ನದೆ ಬೆಂಕಿಯ ಮೇಲೆ ನೀರು ಸುರಿಯಿತು, ಅರಿಜೋನಾದ ಮೇಲೂ. ಟಗ್‌ನ ಮೇಲೆ ಇದ್ದವರು ಕೈಬೆರಳಲ್ಲಿ ಎಣಿಸುವಷ್ಟು ಜನ. ನಡೆಸಿದವರು ಚೀಫ್ ಬೋಸನ್ಸ್ ಮೇಟ್ ಜೋ ಮೆಕ್‌ಮ್ಯಾನಸ್. ಗಮನಿಸಿ, ಕ್ಯಾಪ್ಟನ್ ಅಲ್ಲ, ಲೆಫ್ಟಿನೆಂಟ್ ಕೂಡ ಅಲ್ಲ. ಬಂದರು ಟಗ್‌ಗಳನ್ನು ಹೀಗೆ ಅನುಭವಸ್ಥ ಚೀಫ್‌ಗಳೇ ನಡೆಸುತ್ತಿದ್ದರು, ಅದಕ್ಕೇ ಅಧಿಕಾರಿಗಳ ಪಟ್ಟಿಯಲ್ಲಿ ಹುಡುಕಿದರೆ ಇವರು ಸಿಗುವುದಿಲ್ಲ. 1942ರ ಫೆಬ್ರವರಿಯಲ್ಲಿ ಪೆಸಿಫಿಕ್ ಫ್ಲೀಟ್‌ನ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಇವರಿಗೆ ಮೆಚ್ಚುಗೆ ಪತ್ರ ಕೊಟ್ಟರು. ಇಂಥ ಪತ್ರ ಸಿಕ್ಕರೆ ಚಿನ್ನ ಸಿಕ್ಕ ಹಾಗೆ, ಯಾಕೆಂದರೆ ಯಾಕೆ ಮೆಚ್ಚಿದರು ಅಂತ ಅದರಲ್ಲಿ ಬರೆದಿರುತ್ತಾರೆ.

ಪತ್ರಾಗಾರದಲ್ಲಿ ಯಾವ ಕಪಾಟು ತೆಗೆಯಬೇಕು

ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಎಲ್ಲಕ್ಕೂ ರೆಕಾರ್ಡ್ ಗ್ರೂಪ್ ಅಂತ ನಂಬರ್ ಇರುತ್ತದೆ. ಡೆಕ್ ಲಾಗ್ ಬೇಕಾದರೆ 24. ಎರಡನೇ ಮಹಾಯುದ್ಧದ ಯುದ್ಧ ದಿನಚರಿ ಮತ್ತು ಕಾರ್ಯಾಚರಣೆ ವರದಿಗಳು 38ರಲ್ಲಿ. ನಕ್ಷೆ, ಕಟ್ಟಿದ ವಿವರ 19ರಲ್ಲಿ. ಟಗ್‌ನ ಬೆನ್ನು ಹತ್ತಿದವರು ಜಾಸ್ತಿ ಮರೆಯುವುದು 181 ಅನ್ನು. ಅದು ನೌಕಾ ಜಿಲ್ಲೆಗಳು ಮತ್ತು ದಡದ ನೆಲೆಗಳ ಕಾಗದ. ಟಗ್ ಸೇರಿದ್ದು ಫ್ಲೀಟ್‌ಗಲ್ಲ, ಜಿಲ್ಲೆಗೆ. ಹೋಗಾ 14ನೇ ನೌಕಾ ಜಿಲ್ಲೆಯದು, ಅಂದರೆ ಹವಾಯಿ. ಆ ಜಿಲ್ಲೆಯ ಕಡತ ಹುಡುಕಲು ವಾಷಿಂಗ್ಟನ್ ಕಡೆ ಹೋಗಬೇಡಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋ ಶಾಖೆಯಲ್ಲಿ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಇರುವ ನಮ್ಮವರಿಗೆ ಇದು ಒಂದು ಶನಿವಾರ ಸುಮ್ನೆ ಹೊರಗಿನಿಂದ ನೋಡಿ ಬರುವಷ್ಟು ಹತ್ತಿರ, ಆದರೆ ಓದಲು ಹೋಗುವವರು ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಳ್ಳಿ. ಡಿಜಿಟಲ್ ಆದದ್ದು ಪತ್ರಾಗಾರದ ಕ್ಯಾಟಲಾಗ್‌ನಲ್ಲಿ ಮನೆಯಿಂದಲೇ ಸಿಗುತ್ತದೆ.

ಸಮಯದ ವಿಷಯದಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಇವತ್ತು ಹವಾಯಿ ಗ್ರೀನ್‌ವಿಚ್‌ಗಿಂತ 10 ಗಂಟೆ ಹಿಂದೆ. 1941ರಲ್ಲಿ ಹತ್ತೂವರೆ ಗಂಟೆ ಹಿಂದೆ ಇತ್ತು. ಪರ್ಲ್ ಹಾರ್ಬರ್‌ನ ಬೆಳಗ್ಗೆ 7:55 ಅಂದರೆ ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ 1:25. ಇವತ್ತಿನ ಕನ್ವರ್ಟರ್ ಹಾಕಿ ಎರಡು ದಾಖಲೆ ಹೊಂದಿಸಲು ಹೋದರೆ ಅರ್ಧ ಗಂಟೆ ತಪ್ಪುತ್ತದೆ, ಅರ್ಧ ಗಂಟೆಯಲ್ಲಿ ಆ ಬೆಳಗ್ಗೆ ಏನೇನೋ ಆಗಿಹೋಗಿತ್ತು. ಜಪಾನಿನ ದಾಖಲೆಗಳಲ್ಲಿ ದಿನಾಂಕವೇ ಡಿಸೆಂಬರ್ 8.

ನೌಕಾಪಡೆ ಬಿಟ್ಟ ಮೇಲೆ

ತುಂಬ ಜನ ಇಲ್ಲಿ ಕೈ ಬಿಡುತ್ತಾರೆ. ಯುದ್ಧ ಮುಗಿಯಿತು, ಕಥೆ ಮುಗಿಯಿತು ಅಂತ. ಟಗ್‌ಗಳ ವಿಷಯದಲ್ಲಿ ಇದು ತಪ್ಪು, ಅವುಗಳ ಅರ್ಧಕ್ಕಿಂತ ಜಾಸ್ತಿ ಬದುಕು ಆಮೇಲೇ ಇರುತ್ತದೆ. ಹೋಗಾ 1948ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರಕ್ಕೆ ಹೋಯಿತು. ಮಾರಿದ್ದಲ್ಲ, ಎರವಲು ಕೊಟ್ಟಿದ್ದು. ಅಗ್ನಿಶಾಮಕ ದೋಣಿಯಾಗಿ. ಮೊದಲು ಪೋರ್ಟ್ ಆಫ್ ಓಕ್ಲೆಂಡ್, ಆಮೇಲೆ ಸಿಟಿ ಆಫ್ ಓಕ್ಲೆಂಡ್ ಅಂತ ಹೆಸರು. ಅಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ಬೆಂಕಿ ಆರಿಸುವ ಕೆಲಸ. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದೇ ದೋಣಿ ಹತ್ತಿ ಬಂದರು ನೋಡಿದರು. ನೌಕಾಪಡೆಯಲ್ಲಿ ಏಳು ವರ್ಷ, ನಗರದ ಚಾಕರಿ ನಾಲ್ಕು ದಶಕ. ಈಗ ಹೇಳಿ, ಇದು ಯಾರ ದೋಣಿ?

ಈ ಭಾಗಕ್ಕೆ ನೌಕಾಪಡೆಯ ದಾಖಲೆ ಉಪಯೋಗಕ್ಕೆ ಬರುವುದಿಲ್ಲ. ಊರಿನ ಹಳೇ ಪತ್ರಿಕೆ, ಅಗ್ನಿಶಾಮಕ ಇಲಾಖೆಯ ಕಾಗದ, ಬಂದರು ಮಂಡಳಿಯ ನಡಾವಳಿ, ಇವೇ ಗತಿ. ಹೊಸ ಹೆಸರಿನಿಂದ ಹುಡುಕಿ. ಅಮೆರಿಕದಲ್ಲಿ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಅಂತ ಮಾನ್ಯತೆ ಇದೆ, ಹೋಗಾಗೆ ಅದು 1989ರಲ್ಲಿ ಸಿಕ್ಕಿತು, ಇನ್ನೂ ಓಕ್ಲೆಂಡ್‌ನಲ್ಲಿ ದುಡಿಯುತ್ತಿರುವಾಗಲೇ. ಆ ಮಾನ್ಯತೆಗೆ ಸಲ್ಲಿಸುವ ಅರ್ಜಿ ಇರುತ್ತದಲ್ಲ, ಅದು ಸಾರ್ವಜನಿಕ ದಾಖಲೆ. ದೋಣಿಯ ಒಳಗಿನ ಎಂಜಿನ್‌ನಿಂದ ಹಿಡಿದು ಏನೇನು ಬದಲಾಗಿದೆ ಅನ್ನುವವರೆಗೆ ಬರೆದಿರುತ್ತಾರೆ. ನಾನು ಓದಿದ್ದರಲ್ಲಿ ಅತ್ಯಂತ ಕೆಲಸಕ್ಕೆ ಬಂದ ಕಾಗದ ಅದೇ. ಆದರೆ ನೆನಪಿರಲಿ, ಅದು ಮಾನ್ಯತೆ ಕೇಳಲು ಬರೆದದ್ದು. ಹೆಣ್ಣು ಕೊಡಲು ಬಂದವರ ಮುಂದೆ ಹುಡುಗನ ಬಗ್ಗೆ ಹೇಳಿದ ಹಾಗೆ, ಕೊಂಚ ಹೊಗಳಿಕೆ ಇದ್ದೇ ಇರುತ್ತದೆ.

1990ರ ದಶಕದ ನಡುವೆ ಓಕ್ಲೆಂಡ್‌ನವರು ಹೋಗಾವನ್ನು ವಾಪಸ್ ಕೊಟ್ಟರು. 1996ರ ಹೊತ್ತಿಗೆ ಅದು ಕ್ಯಾಲಿಫೋರ್ನಿಯಾದ ಸೂಸನ್ ಬೇಯಲ್ಲಿ, ಬೇಡವಾದ ಹಡಗುಗಳನ್ನು ಸಾಲಾಗಿ ಕಟ್ಟಿ ಹಾಕುವ ಜಾಗದಲ್ಲಿ ನಿಂತಿತ್ತು. 2005ರಲ್ಲಿ ಅರ್ಕನ್ಸಾಸ್ ರಾಜ್ಯದ ನಾರ್ತ್ ಲಿಟಲ್ ರಾಕ್ ನಗರಕ್ಕೆ ಬರೆದುಕೊಟ್ಟರು. ಅಲ್ಲಿಗೆ ಬಂದು ತಲುಪಿದ್ದು 2015ರ ನವೆಂಬರ್‌ನಲ್ಲಿ. ಹತ್ತು ವರ್ಷದ ಅಂತರ! ಕಾಗದದಲ್ಲಿ ಕೈ ಬದಲಾದ ದಿನ ಬೇರೆ, ದೋಣಿ ಜಾಗ ಬದಲಿಸಿದ ದಿನ ಬೇರೆ. ಈ ಎರಡನ್ನು ಒಂದೇ ಅಂದುಕೊಂಡು ಬರೆದ ಬರಹಗಳು ಬೇಕಾದಷ್ಟಿವೆ. ಈಗ ಅದು ಸಮುದ್ರವೇ ಇಲ್ಲದ ರಾಜ್ಯದಲ್ಲಿ, ಅರ್ಕನ್ಸಾಸ್ ನದಿಯ ದಡದಲ್ಲಿ, ರೇಜರ್‌ಬ್ಯಾಕ್ ಅನ್ನುವ ಸಬ್‌ಮರೀನಿನ ಪಕ್ಕ ಮ್ಯೂಸಿಯಂ ಆಗಿದೆ. ರೇಜರ್‌ಬ್ಯಾಕ್ 1945ರಲ್ಲಿ ಜಪಾನ್ ಶರಣಾದಾಗ ಟೋಕಿಯೋ ಕೊಲ್ಲಿಯಲ್ಲಿ ಇತ್ತು. ಅಮೆರಿಕಕ್ಕೆ ಯುದ್ಧ ಶುರುವಾದ ದಿನ ನೋಡಿದ್ದು ಒಂದು, ಮುಗಿದ ದಿನ ನೋಡಿದ್ದು ಇನ್ನೊಂದು.

ಹೋಗಾದ ಅದೃಷ್ಟ ಎಲ್ಲಕ್ಕೂ ಇರಲಿಲ್ಲ. ಅದೇ ಬಗೆಯ ನೊಕೊಮಿಸ್, ವೈಟಿ-142, ಅದೂ ಆ ಬೆಳಗ್ಗೆ ಪರ್ಲ್ ಹಾರ್ಬರ್‌ನಲ್ಲೇ ದುಡಿದಿತ್ತು. ಉಳಿಸಲು ಜನ ಪ್ರಯತ್ನಪಟ್ಟರೂ ಕೊನೆಗೆ ಗುಜರಿಗೆ ಹೋಯಿತು. ನಮ್ಮಲ್ಲೂ ನೋಡಿ, ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಅನ್ನುವ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಆ ಕಡೆ ಸೀಬರ್ಡ್ ನೆಲೆಯಲ್ಲಿ ದೊಡ್ಡ ದೊಡ್ಡ ಹಡಗು ತಳ್ಳುವ ಟಗ್‌ಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಅಲ್ಲಿ ಕ್ಯಾಮೆರಾ ಹಿಡಿದು ಹುಡುಕಲು ಹೋಗಬೇಡಿ ಮತ್ತೆ, ಅದು ರಕ್ಷಣಾ ನೆಲೆ. ಈ ಹವ್ಯಾಸ ಹಳೇ ಟಗ್‌ಗಳಿಗೆ ಮಾತ್ರ ಸರಿ.

ಬರೆದಿಡುವ ಕ್ರಮ

ನಾನು ಒಂದು ಉದ್ದದ ಹಾಳೆಯಲ್ಲಿ ನಾಲ್ಕು ಕಾಲಂ ಹಾಕುತ್ತೇನೆ: ದಿನಾಂಕ, ಆಗಿನ ಹೆಸರು ಅಥವಾ ನಂಬರ್, ಏನಾಯಿತು, ಯಾರು ಹೇಳಿದ್ದು. ನಾಲ್ಕನೇ ಕಾಲಂ ಬಿಡಬೇಡಿ. ಟಗ್‌ನವರೇ ಹೇಳಿದ್ದಾ, ಎಳೆಸಿಕೊಂಡವರು ಹೇಳಿದ್ದಾ, ನಲವತ್ತು ವರ್ಷ ಆದಮೇಲೆ ಯಾರೋ ನೆನಪಿನಿಂದ ಹೇಳಿದ್ದಾ ಅನ್ನುವುದು ಅಲ್ಲೇ ಗೊತ್ತಾಗಬೇಕು. ಎರಡು ಮೂಲ ಜಗಳವಾಡಿದರೆ ಎರಡನ್ನೂ ಬರೆಯಿರಿ. ಹೋಗಾದ ನನ್ನ ಹಾಳೆಯಲ್ಲಿ ಡಿಸೆಂಬರ್ 7ಕ್ಕೆ ಹನ್ನೊಂದು ಸಾಲು ಇದೆ, 1943ಕ್ಕೆ ಒಂದೂ ಇಲ್ಲ. ಆ ವರ್ಷ ಪೂರ್ತಿ ಅದು ಪರ್ಲ್ ಹಾರ್ಬರ್‌ನಲ್ಲಿ ದಿನಾ ಎಳೆದಿದೆ, ತಳ್ಳಿದೆ, ಯಾರೂ ಬರೆದಿಲ್ಲ. ಅಲ್ಲಿ ಏನಾದರೂ ತುಂಬಿಸೋಣ ಅಂತ ಆಸೆ ಆಗುತ್ತದೆ, ತುಂಬಿಸಬೇಡಿ.

ಕೈ ಪಳಗಿಸಿಕೊಳ್ಳಬೇಕು ಅಂದರೆ ಸೊಟೊಯೊಮೊ ತಗೊಳ್ಳಿ, ವೈಟಿ-9. ಚಿಕ್ಕ ಹಳೇ ಟಗ್. ದಾಳಿಯ ದಿನ ತೇಲುವ ಡ್ರೈಡಾಕ್‌ನಲ್ಲಿ (ರಿಪೇರಿಗೆ ಹಡಗನ್ನು ನೀರಿನಿಂದ ಮೇಲೆತ್ತಿ ಹಿಡಿಯುವ ತೊಟ್ಟಿ) ಶಾ ಅನ್ನುವ ಡೆಸ್ಟ್ರಾಯರ್ ಯುದ್ಧನೌಕೆಯ ಜೊತೆ ರಿಪೇರಿಗೆ ನಿಂತಿತ್ತು. ಶಾ ಸಿಡಿದ ಫೋಟೋ ಜಗತ್ಪ್ರಸಿದ್ಧ, ನೀವೂ ನೋಡಿರುತ್ತೀರಿ. ಅದರ ಜೊತೆ ಡ್ರೈಡಾಕೂ ಮುಳುಗಿತು, ಒಳಗಿದ್ದ ಸೊಟೊಯೊಮೊ ಕೂಡ. ಆಮೇಲೆ ಎತ್ತಿ ರಿಪೇರಿ ಮಾಡಿ ಮತ್ತೆ ಕೆಲಸಕ್ಕೆ ಹಚ್ಚಿದರು. ಸೊಟೊಯೊಮೊ ಅಂತ ಹುಡುಕಬೇಡಿ ಮತ್ತೆ. ಮೊದಲು ಶಾ ವರದಿ ತೆಗೆಯಿರಿ, ಆಮೇಲೆ ಡ್ರೈಡಾಕಿನದು, ವೈಎಫ್‌ಡಿ-2.